ಇಬ್ಬರು ರಂಗೂಬಾಯಿಯರು

ಚಂದಮ್ಮ ಸಮುದ್ರ ಕಂಡವಳಲ್ಲ. ಆದರೂ ಒಂದು ಬೆಳಿಗ್ಗೆ ಅವಳನ್ನು ಮೀನುಗಾರ್ತಿ ಮಾಡಿದರು.

ಮಾಡಿದವನು ಅವಧೂತ. ಪುಣೆಯ ಹಿಂಜವಾಡಿಯಲ್ಲಿ ಏಳುತ್ತಿದ್ದ ಫ್ಲ್ಯಾಟುಗಳ ಕಟ್ಟಡಕ್ಕೆ ಆಳು ಒದಗಿಸುವ ಮುಕಾದಮ. ಅವತ್ತು ಹಾಜರಿಯ ಹೊತ್ತಿಗೆ ಬಂದು ಕೂಲಿಯವರನ್ನೆಲ್ಲ ಮರಳಿನ ರಾಶಿಯ ಮುಂದೆ ಸಾಲಾಗಿ ನಿಲ್ಲಿಸಿದ. ಸಂತೆಯಲ್ಲಿ ಎತ್ತು ನೋಡುವವನ ಹಾಗೆ ಒಬ್ಬೊಬ್ಬರನ್ನೇ ನೋಡುತ್ತ ಹೋದ. ಮೈಬಣ್ಣ ನೋಡಿದ. ಸ್ವಲ್ಪ ಬೆಳ್ಳಗಿದ್ದವರನ್ನು ಪಕ್ಕಕ್ಕೆ ಸರಿಸಿದ. ಯಾದಗಿರಿ ಕಡೆಯ ಕೇರಿಯಿಂದ ಪುಣೆಗೆ ಬಂದ ಮೇಲೆ ತನ್ನ ಕರೀ ಮೈಗೆ ಬೆಲೆ ಬಂದದ್ದನ್ನು ಚಂದಮ್ಮ ಅದೇ ಮೊದಲು ಕಂಡದ್ದು.

“ನೀನು ಬಾ. ನೀನು, ನೀನು. ನಿನ್ನ ಗಂಡನೂ ಬರಲಿ,” ಎಂದ ಅವಧೂತ ಮರಾಠಿಯಲ್ಲಿ. “ಇವತ್ತು ಹೊರೋ ಕೆಲಸ ಇಲ್ಲ. ಕ್ಯಾಂಪ್ ಪೇಟೆಯ ದೊಡ್ಡ ಹೋಟೆಲಿನಲ್ಲಿ ಮೀಟಿಂಗು. ಸುಮ್ಮನೆ ಕೂತುಕೊಳ್ಳೋದು. ಕೂಲಿ ಇದ್ದದ್ದೇ, ಊಟ ಮೇಲೆ.”

ಧರ್ಮಣ್ಣ ಕಬ್ಬಿಣದ ಸರಳು ಬಗ್ಗಿಸಿ ಬಗ್ಗಿಸಿ ತಾನೂ ಬಗ್ಗಿದ್ದ. ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. “ಕುಂತು ಮಾಡು ಕೆಲಸಕ್ಕ ನಮ್ಮನ್ಯಾಕ ಕರಿತಾನ ಈ ಮಗ?”

“ಒಂದಿನ ಕುತಗಿಗೆ ಸೂಟಿ ಸಿಗತದ. ನಡಿ,” ಎಂದಳು ಚಂದಮ್ಮ.

ಅವಳ ಕುತ್ತಿಗೆಗೆ ರಜೆ ಬೇಕಾಗಿತ್ತು. ಕಾಂಕ್ರೀಟು ತುಂಬಿದ ಕಬ್ಬಿಣದ ಘಮೇಲಿ ಹೊತ್ತು ಹೊತ್ತು ನಡುನೆತ್ತಿಯ ಕೂದಲು ಉದುರಿತ್ತು. ಅಲ್ಲಿ ಚರ್ಮ ಕಾಲಿನ ಹಿಮ್ಮಡಿಯಂತೆ ಗಡುಸಾಗಿತ್ತು. ಸಂಜೆ ಘಮೇಲಿ ಇಳಿಸಿದ ಮೇಲೂ ತಲೆಯ ಮೇಲೆ ಏನೋ ಕೂತ ಹಾಗೆಯೇ ಇರುತ್ತಿತ್ತು. ಮಲಗಿದರೂ ಇಳಿಯುತ್ತಿರಲಿಲ್ಲ.

ಟೆಂಪೋದಲ್ಲಿ ಎಲ್ಲರನ್ನೂ ತುಂಬಿದರು. ದಾರಿಯಲ್ಲಿ ಅವಧೂತ ಪಾಠ ಹೇಳಿದ. ಕೊಂಕಣದ ದಂಡೆಯಲ್ಲಿ ಖಾರಬಂದರ ಅಂತ ಒಂದು ಊರು. ಅಲ್ಲಿ ಪ್ರವಾಸಿಗರಿಗೆ ದೊಡ್ಡ ತಾಣ ಆಗುತ್ತದೆ. ಹಿಂಜವಾಡಿಯ ಒಂದು ಕಂಪನಿ ಅದರ ನಕ್ಷೆ ಮಾಡಿದೆ. ನಕ್ಷೆಗೆ ಊರಿನವರ ಒಪ್ಪಿಗೆ ಬೇಕಂತೆ, ಕಾನೂನಂತೆ. ಊರಿನವರಿಗೆ ಪುರುಸೊತ್ತಿಲ್ಲ. “ಹಾಗಾಗಿ ಇವತ್ತೊಂದು ದಿನ ನೀವೇ ಅವರು. ಯಾರಾದರೂ ಕೇಳಿದರೆ ನೀವು ಕೋಳಿ ಜನ.”

ಟೆಂಪೋದ ಹಿಂದೆ ಕೂತ ಹೆಂಗಸೊಬ್ಬಳು ಗಾಬರಿಯಾದಳು. ಪುಣೆಗೆ ಹೊಸಬಳು.

“ಮರಾಠ್ಯಾಗ ಕೋಳಿ ಅಂದ್ರ ಮೀನ ಹಿಡಿಯೋರು ಬೇ,” ಎಂದ ಧರ್ಮಣ್ಣ. “ಹೆದರಬ್ಯಾಡ, ಕೊಯ್ಯೂದಿಲ್ಲ.”

ಎಲ್ಲರೂ ನಕ್ಕರು. ಚಂದಮ್ಮನೂ ನಕ್ಕಳು.

ಹೋಟೆಲಿನ ಮುಂಬಾಗಿಲಲ್ಲಿ ಅವರನ್ನು ಬಿಡಲಿಲ್ಲ. ಹಿಂದಿನ ಓಣಿಯಿಂದ, ಎಂಜಲು ಡ್ರಮ್ಮುಗಳ ನಡುವಿನಿಂದ ಒಳಗೆ ತಂದರು. ಪಾತ್ರೆ ತೊಳೆಯುವ ಜಾಗದ ಪಕ್ಕದ ಕೋಣೆಯಲ್ಲಿ ಕಂಪನಿಯ ರಕ್ಷಿತ ಕಾಯುತ್ತಿದ್ದಳು. ಬೆಂಗಳೂರಿನ ಹುಡುಗಿ. ಖಾರಬಂದರದ ನಕ್ಷೆ ಬರೆದವಳು ಅವಳೇ. ಇವರು ತಮ್ಮತಮ್ಮಲ್ಲಿ ಮಾತಾಡುವುದನ್ನು ಕೇಳಿ ಕಣ್ಣರಳಿಸಿದಳು.

“ಓ ಮೈ ಗಾಡ್, ನೀವೆಲ್ಲ ಕನ್ನಡದವರಾ? ಎಷ್ಟು ಖುಷಿ ಆಯ್ತು ಗೊತ್ತಾ! ಇಲ್ಲಿ ಕನ್ನಡ ಕೇಳಿ ಎಷ್ಟು ದಿನ ಆಗಿತ್ತು!” ಎಂದಳು. ಮರುಕ್ಷಣವೇ ಅಂದಳು, “ಆದ್ರೆ ಒಳಗಡೆ ಪ್ಲೀಸ್ ಯಾರೂ ಕನ್ನಡ ಮಾತಾಡ್ಬೇಡಿ, ಆಯ್ತಾ?”

ನಾಟಕದ ಸಾಮಾನು ಬಾಡಿಗೆ ಕೊಡುವ ಅಂಗಡಿಯಿಂದ ಸೀರೆಗಳು ಬಂದಿದ್ದವು. ಕಚ್ಚೆ ಹಾಕಿ ಉಡಬೇಕು. ಹೇಗೆ ಉಡುವುದೆಂದು ಯಾರಿಗೂ ಗೊತ್ತಿರಲಿಲ್ಲ. ರಕ್ಷಿತ ಮೊಬೈಲಿನಲ್ಲಿ ಚಿತ್ರ ತೆರೆದು ಹಿಡಿದಳು. ಚಿತ್ರ ನೋಡಿ ನೋಡಿ ಒಬ್ಬರಿಗೊಬ್ಬರು ಸುತ್ತಿಕೊಂಡರು. ಗಂಡಸರಿಗೆ ಲುಂಗಿ, ಕೆಂಪು ಟೋಪಿ. ಧರ್ಮಣ್ಣನ ಹೆಗಲಿಗೆ ಬಲೆ ಬಿತ್ತು. ಬ್ಯಾಡ್ಮಿಂಟನ್ ಕೋರ್ಟಿನ ಬಲೆ.

ಚಂದಮ್ಮನನ್ನು ನೋಡಿ ರಕ್ಷಿತ ಒಂದು ಸುತ್ತು ಹಾಕಿದಳು.

“ಅಕ್ಕಾ, ಸ್ವಲ್ಪ ನಡೀರಿ.”

ಚಂದಮ್ಮ ನಡೆದಳು.

“ವಾವ್. ಈ ಪೋಶ್ಚರ್ ನೋಡಿ! ಆ ಕತ್ತು ನೋಡಿ! ಜಿಮ್‌ಗೆ ಹೋದ್ರೂ ಬರಲ್ಲ ಇದು. ಇವರೇ ನಮ್ಮ ರಂಗೂಬಾಯಿ.”

ಚಂದಮ್ಮನ ಕೊರಳಿಗೆ ಒಂದು ಗುರುತಿನ ಪಟ್ಟಿ ಬಿತ್ತು. ರಂಗೂಬಾಯಿ, ಮೀನುಗಾರ ಮಹಿಳೆಯರ ಮುಖಂಡೆ, ಖಾರಬಂದರ ಎಂದು ಅದರಲ್ಲಿ ಬರೆದಿದೆಯಂತೆ. ತಲೆಯ ಮೇಲೆ ಒಂದು ಬಿದಿರಿನ ಬುಟ್ಟಿ ಇಟ್ಟರು. ಅದರ ತುಂಬ ಪ್ಲಾಸ್ಟಿಕ್ ಮೀನು. ನಿಜವಾದ ಮೀನು ವಾಸನೆ ಹೊಡೆಯುತ್ತದೆ, ಬಂದವರಿಗೆ ತೊಂದರೆ.

ಹೋಟೆಲಿನ ಮಾಲೀಕ ಮೋಹನದಾಸ್ ಇಣುಕಿದರು. ಕುಂದಾಪುರದ ಕಡೆಯವರು, ಕ್ಯಾಂಪಿನಲ್ಲಿ ಹೋಟೆಲಿಟ್ಟು ತಲೆ ನರೆತವರು. ಚಂದಮ್ಮ ಒಂದು ಮೀನನ್ನು ಬಾಲ ಹಿಡಿದು ಎತ್ತಿ ನೋಡುತ್ತಿದ್ದಳು.

“ನೀನು ಮೀನು ಹಿಡಿದದ್ದು ಕಂಡ್ರೆ ಪ್ಲಾಸ್ಟಿಕ್ ಮೀನಿಗೂ ನಗೆ ಬರ್ತದೆ ಮಾರಾಯ್ತಿ,” ಎಂದರು. ಆಮೇಲೆ ರಕ್ಷಿತಳ ಕಡೆ ತಿರುಗಿ, “ಇವರಿಗೆ ಊಟ ಹಿಂದುಗಡೆ ಕೊಡ್ತೇನೆ, ಪೇಪರ್ ಪ್ಲೇಟಲ್ಲಿ. ಮೀಟಿಂಗ್ ಹಾಲಿನ ಪ್ಲೇಟು ಮುಟ್ಟುವುದು ಬೇಡ. ಜಾತಿ ಗೀತಿ ಅಂತ ಅಲ್ಲ, ಹಾಗಂತ ತಿಳ್ಕೊಳ್ಳಬೇಡಿ. ಸೆಟ್ಟು ಒಡೆದೀತು ಅಂತ,” ಎಂದರು.

ಚಂದಮ್ಮ ಮೀನನ್ನು ಬುಟ್ಟಿಗೆ ಹಾಕಿದಳು. ಊರಲ್ಲಿಯೂ ಹೀಗೇ. ಅಲ್ಲಿ ಬಟ್ಟಲು ಮುಟ್ಟಬೇಡ ಎಂದು ನೇರವಾಗಿ ಹೇಳುತ್ತಿದ್ದರು. ಇಲ್ಲಿ ಸೆಟ್ಟಿನ ಮೇಲೆ ಹಾಕಿ ಹೇಳುತ್ತಾರೆ. ಪುಣೆ ದೊಡ್ಡ ಊರು.

ಮೀಟಿಂಗಿನ ಹಾಲಿನಲ್ಲಿ ಎ.ಸಿ.ಯ ಚಳಿ. ಗೋಡೆಯ ಉದ್ದಕ್ಕೂ ಸಮುದ್ರದ ಚಿತ್ರಗಳು. ಎಲ್ಲಿಂದಲೋ ಅಲೆಯ ಸದ್ದು ಹಾಕಿದ್ದರು. ನಡುವಿನ ಮೇಜಿನ ಮೇಲೆ ಖಾರಬಂದರ ಮಲಗಿತ್ತು. ಗಾಜಿನ ನೀಲಿ ಸಮುದ್ರ, ಜರಡಿ ಹಿಡಿದ ಮರಳು, ಬೆರಳುದ್ದದ ತೆಂಗಿನ ಮರಗಳು, ಬಿಳೀ ಮನೆಗಳು. ಬಿಕಿನಿ ಹಾಕಿದ ಗೊಂಬೆಗಳೂ ಇದ್ದವು, ನಾಯಿ ಹಿಡಿದು ನಡೆಯುವ ಗೊಂಬೆಗಳೂ ಇದ್ದವು. ಮೀನು ಹಿಡಿಯುವ ಗೊಂಬೆ ಇರಲಿಲ್ಲ.

ನಕ್ಷೆಗೆ ಮಂಜೂರಿ ಕೊಡುವ ಸರ್ಕಾರಿ ಮಂಡಳಿಯ ಅಧ್ಯಕ್ಷರು ಬಂದು ಮುಂದಿನ ಸೋಫಾದಲ್ಲಿ ಕೂತರು. ಖಾರಬಂದರದ ಮೀನುಗಾರರು ಬಲೆ, ಬುಟ್ಟಿಗಳ ಸಮೇತ ಮೆರವಣಿಗೆಯಲ್ಲಿ ಬಂದು ನಮಸ್ಕಾರ ಮಾಡಿದರು. ಅಧ್ಯಕ್ಷರು ಚಂದಮ್ಮನ ಜೊತೆ ಫೋಟೋ ತೆಗೆಸಿಕೊಂಡರು. ಫೋಟೋದವನು ಬುಟ್ಟಿ ಇನ್ನೂ ಸ್ವಲ್ಪ ಓರೆಯಾಗಲಿ ಎಂದ. ಓರೆಯಾಗಿ ಹೊತ್ತರೆ ಹೊರೆ ಬೀಳುತ್ತದೆ ಎಂದು ಚಂದಮ್ಮನ ತಲೆಗೆ ಗೊತ್ತಿತ್ತು. ಆದರೂ ಓರೆ ಮಾಡಿದಳು. ಪ್ಲಾಸ್ಟಿಕ್ ಮೀನಿಗೆ ಏನು ಭಾರ.

ಬುಟ್ಟಿ ಹೊತ್ತ ಚಂದಮ್ಮನನ್ನು ಪಕ್ಕದಲ್ಲೇ ಕೂರಿಸಿ ರಕ್ಷಿತ ಮೈಕು ಹಿಡಿದಳು. ಇಂಗ್ಲಿಷು ಮತ್ತು ಮರಾಠಿ ಬೆರೆಸಿ ಹೇಳಿದಳು. ಇಲ್ಲಿ ಕಾರು ನಿಲ್ಲಿಸುವ ಜಾಗ. ಇಲ್ಲಿ ಈಜುಕೊಳ, ಯಾಕೆಂದರೆ ಸಮುದ್ರದ ನೀರು ಉಪ್ಪು. ಇಲ್ಲಿ ಸೂರ್ಯಾಸ್ತದ ಕಟ್ಟೆ, ಟಿಕೆಟ್ ಇರುತ್ತದೆ. ಬಲೆ ಒಣಗಿಸುತ್ತಿದ್ದ ಬಯಲಿನಲ್ಲಿ ಹುಲ್ಲು ಹಾಸಿ ಯೋಗ ಮಾಡುವ ಅಂಗಳ. ನಾಯಿಗಳಿಗೆ ಸ್ನಾನದ ಮನೆ. ಬಂದವರು ಬಟ್ಟೆ ಬದಲಿಸಲು ದೋಣಿ ಆಕಾರದ ಕೋಣೆಗಳು. ಮೀನಿನ ವಾಸನೆ ಬಾರದಂತೆ ಒಂದು ಹೂವಿನ ಬೇಲಿ. ಈಗಿರುವ ನಿವಾಸಿಗಳಿಗೆ ಗುಡ್ಡದ ಹಿಂದೆ ಚೊಕ್ಕ ಮನೆಗಳು. ಅವರು ದಿನಾ ಬಸ್ಸಿನಲ್ಲಿ ದಂಡೆಗೆ ಬಂದು, ಸಮವಸ್ತ್ರ ಹಾಕಿ, ಪ್ರವಾಸಿಗರಿಗೆ ಬಲೆ ಬೀಸಿ ತೋರಿಸುವರು. ಇದಕ್ಕೆ ಕಂಪನಿ ಇಟ್ಟ ಹೆಸರು ಮೀನುಗಾರ ಅನುಭವ.

“ಮೀನು ಸಿಗಬೇಕು ಅಂತ ಇಲ್ಲ,” ಎಂದಳು ರಕ್ಷಿತ. ಹಾಲು ನಕ್ಕಿತು.

ಚಂದಮ್ಮನಿಗೆ ಇಂಗ್ಲಿಷು ತಿಳಿಯಲಿಲ್ಲ. ಮರಾಠಿ ತಿಳಿಯಿತು. ಗುಡ್ಡದ ಹಿಂದೆ ಎನ್ನುವುದು ತಿಳಿಯಿತು. ಬಡವರ ಮನೆ ಯಾವಾಗಲೂ ಯಾವುದಾದರೊಂದರ ಹಿಂದೆಯೇ ಇರುತ್ತದೆ.

ಬಾಗಿಲ ಬಳಿ ಗಲಾಟೆ ಕೇಳಿದ್ದು ಆಗ. ಒಬ್ಬ ಹೆಂಗಸಿನ ದನಿ. ಹಾಲಿನಲ್ಲಿ ಹಾಕಿದ್ದ ಅಲೆಯ ಸದ್ದಿಗಿಂತ ಜೋರು. ಮೋಹನದಾಸ್ ಹೊರಗೆ ಓಡಿದರು, ಅಷ್ಟೇ ಬೇಗ ಒಳಗೆ ಬಂದರು. ರಕ್ಷಿತಳ ಬಳಿ ಬಗ್ಗಿ ಕನ್ನಡದಲ್ಲಿ ಪಿಸುಗುಟ್ಟಿದರು. ಮರಾಠಿ ಜನರ ನಡುವೆ ಗುಟ್ಟು ಹೇಳಲು ಕನ್ನಡವೇ ಅನುಕೂಲ. ಆದರೆ ಪಕ್ಕದಲ್ಲೇ ಬುಟ್ಟಿ ಹೊತ್ತು ಕೂತವಳೂ ಕನ್ನಡದವಳು ಎಂಬುದು ಆ ಗಡಿಬಿಡಿಯಲ್ಲಿ ಇಬ್ಬರಿಗೂ ಮರೆತುಹೋಗಿತ್ತು.

“ಎಂತ ಇಲ್ಲ, ಒಬ್ಬಳು ಹೆಂಗಸು ಬಂದಿದ್ದಾಳೆ. ಖಾರಬಂದರದಿಂದ ರಾತ್ರಿ ಬಸ್ಸಿಗೆ ಬಂದಳಂತೆ. ಮೀಟಿಂಗಿನ ನೋಟೀಸು ಊರಲ್ಲಿ ನಿನ್ನೆ ಸಂಜೆ ಅಂಟಿಸಿದ್ದಂತೆ. ನಾನೇ ರಂಗೂಬಾಯಿ ಅಂತಾಳೆ.”

“ಶಿಟ್,” ಎಂದಳು ರಕ್ಷಿತ. “ವಾಚ್‌ಮನ್ ಏನಂದ?”

“ರಂಗೂಬಾಯಿ ಆಗಲೇ ಒಳಗೆ ಹೋಗಿ ಆಯ್ತು ಅಂದ. ಅದಕ್ಕೇ ಅವಳಿಗೆ ಸಿಟ್ಟು ಬಂದದ್ದು.”

“ಲೇಟಾಗಿ ಬಂದ್ರೆ ನಾವೇನ್ ಮಾಡೋಕಾಗುತ್ತೆ ಸರ್? ರಂಗೂಬಾಯಿ ಸೀಟ್ ಫುಲ್ ಆಗಿದೆ. ಹೊರಗಡೆನೇ ಕೂರ್ಸಿ, ಕಾಫಿ ಕೊಡಿ.”

ಚಂದಮ್ಮ ಕತ್ತು ತಿರುಗಿಸಲಿಲ್ಲ. ತಲೆಯ ಮೇಲೆ ಹೊರೆ ಇದ್ದಾಗ ಕತ್ತು ತಿರುಗಿಸಬಾರದು. ಕಣ್ಣನ್ನಷ್ಟೇ ಹೊರಳಿಸಿದಳು. ಬಾಗಿಲ ಗಾಜಿನ ಆಚೆ ಒಂದು ಕುಳ್ಳ ಹೆಂಗಸು. ವಾಚ್‌ಮನ್ ಅವಳ ರಟ್ಟೆ ಹಿಡಿದಿದ್ದ. ಅವಳು ತನ್ನ ಎದೆಗೆ ತಾನೇ ಬಡಿದುಕೊಂಡು ಏನೋ ಹೇಳುತ್ತಿದ್ದಳು. ಈಗ ಗಾಜಿನ ಬಾಗಿಲು ಮುಚ್ಚಿದ್ದರು. ಬಾಯಿ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷರು ಎದ್ದು ಮೈಕು ತೆಗೆದುಕೊಂಡರು.

“ಖಾರಬಂದರದ ನನ್ನ ಬಂಧುಗಳೇ, ಊರಿನ ಅಭಿವೃದ್ಧಿಗಾಗಿ ದಂಡೆಯ ಮನೆ ಬಿಟ್ಟು ಹೊಸ ಮನೆಗೆ ಹೋಗಲು ನಿಮಗೆ ಒಪ್ಪಿಗೆ ತಾನೆ? ಒಪ್ಪಿಗೆ ಇದ್ದವರು ಕೈ ಎತ್ತಿ. ಫೋಟೋದವರು ಮುಂದೆ ಬನ್ನಿ.”

ಅವಧೂತ ಗೋಡೆಗೆ ಒರಗಿ ನಿಂತು ಹೆಬ್ಬೆರಳು ಮೇಲೆತ್ತಿದ. ಹಿಂದಿನ ಸಾಲಿನಲ್ಲಿ ಕೈಗಳು ಎದ್ದವು. ಸಿಮೆಂಟು ತಿಂದ ಕೈಗಳು, ಉಗುರು ಹೋದ ಕೈಗಳು.

ಕೈ ಎತ್ತಿದ ಜನ ಮತ್ತು ಫೋಟೋ. ಚಂದಮ್ಮ ಇದನ್ನು ಎಲ್ಲೋ ಕಂಡಿದ್ದಳು. ಎಲ್ಲಿ ಎಂಬುದು ಹೊಳೆಯಿತು.

ಹೋದ ಮಳೆಗಾಲಕ್ಕೆ ಮುಂಚೆ ಅವರ ವಸ್ತಿಯ ಮೇಲೆ ಜೆಸಿಬಿ ಬಂದಿತ್ತು. ನಾಲಾ ದಂಡೆಯ ತಗಡಿನ ಮನೆಗಳು. ಚಂದಮ್ಮ ಪಾತ್ರೆಗಳನ್ನು ರಸ್ತೆಗೆ ಎಸೆದು, ತಗಡು ಹಿಡಿದು ನೇತಾಡಿದ್ದಳು. ತಗಡಿನ ಜೊತೆಗೇ ಅವಳನ್ನೂ ಎಳೆದು ಹಾಕಿದ್ದರು. ಅಂಗೈ ಸೀಳಿತ್ತು. ಯಾರನ್ನು ಕೇಳಿ ಕೆಡವುತ್ತೀರಿ ಎಂದು ಅವಳು ಅರಚಿದಾಗ ಒಬ್ಬ ಅಧಿಕಾರಿ ಮೊಬೈಲು ತೆಗೆದು ಫೋಟೋ ತೋರಿಸಿದ್ದ. ನಿಮ್ಮ ವಸ್ತಿಯವರೇ ಮೀಟಿಂಗಿಗೆ ಬಂದು, ಒಪ್ಪಿ, ಉಂಡು ಹೋಗಿದ್ದಾರೆ ಎಂದಿದ್ದ. ಫೋಟೋದಲ್ಲಿ ಒಂದು ಹಾಲಿನ ತುಂಬ ಜನ ಕೈ ಎತ್ತಿ ಕೂತಿದ್ದರು. ವಸ್ತಿಯವರು ಒಬ್ಬರೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಹಸಿರು ಸೀರೆಯ ಒಬ್ಬ ಹೆಂಗಸು ಕೊರಳಲ್ಲಿ ಪಟ್ಟಿ ಹಾಕಿಕೊಂಡು ನಗುತ್ತಿದ್ದಳು. ಅಕಿ ಕೈಗೆ ಹುಳಾ ಬೀಳ್ಲಿ ಎಂದು ಚಂದಮ್ಮ ರಸ್ತೆಯ ನಡುವೆ ನಿಂತು ಮಣ್ಣು ತೂರಿ ಶಪಿಸಿದ್ದಳು. ಎಷ್ಟೋ ದಿನ ಉಣ್ಣುವಾಗಲೂ ಶಪಿಸಿದ್ದಳು.

ಆ ಹೆಂಗಸು ಯಾವ ಕಟ್ಟಡದಲ್ಲಿ ಘಮೇಲಿ ಹೊರುತ್ತಿದ್ದಳೋ. ಯಾವ ಮುಕಾದಮ ಅವಳನ್ನು ಸಾಲಿನಿಂದ ಆರಿಸಿದ್ದನೋ. ಒಂದು ದಿನ ಕತ್ತಿಗೆ ರಜೆ ಸಿಗುತ್ತದೆಂದು ಅವಳೂ ಬಂದಿರಬೇಕು.

“ರಂಗೂಬಾಯಿ, ಕೈ,” ಎಂದು ಅವಧೂತ ಹಲ್ಲು ಕಚ್ಚಿ ಹೇಳಿದ.

ಚಂದಮ್ಮ ಕೈ ಎತ್ತಲಿಲ್ಲ. ಎದ್ದು ನಿಂತಳು.

“ನಾನು ರಂಗೂಬಾಯಿ ಅಲ್ಲ,” ಎಂದಳು ಮರಾಠಿಯಲ್ಲಿ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದಳು. “ನಾನು ಚಂದಮ್ಮ. ಹಿಂಜವಾಡಿಯಲ್ಲಿ ಕಾಂಕ್ರೀಟು ಹೊರುತ್ತೇನೆ. ಇವರೆಲ್ಲ ಅಲ್ಲಿಯವರೇ. ನಾನು ಸಮುದ್ರ ಕಂಡಿಲ್ಲ. ಇನ್ನೊಬ್ಬರ ಮನೆ ಬಿಟ್ಟುಕೊಡಲು ನಾನು ಯಾರು? ರಂಗೂಬಾಯಿ ಬಾಗಿಲಲ್ಲಿ ನಿಂತಿದ್ದಾಳೆ. ಅವಳನ್ನು ಕೇಳಿ.”

ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

“ಬಹಳ ಚೆನ್ನಾಗಿದೆ! ಬೀದಿನಾಟಕ! ಜನಜಾಗೃತಿಗೆ ಇಂಥದ್ದು ಬೇಕು,” ಎಂದರು. ಅಧ್ಯಕ್ಷರು ತಟ್ಟಿದ ಮೇಲೆ ಸೋಫಾದವರೆಲ್ಲ ತಟ್ಟಿದರು.

ಬೈದಿದ್ದರೆ ಚಂದಮ್ಮ ಸಹಿಸುತ್ತಿದ್ದಳೇನೋ. ಚಪ್ಪಾಳೆ ಸಹಿಸಲಾಗಲಿಲ್ಲ. ಮೇಜಿನ ಬಳಿ ಹೋದಳು. ತಲೆಯ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಾಂಕ್ರೀಟು ಸುರಿಯುವ ಹಾಗೆ, ಒಂದೇ ಏಟಿಗೆ ಖಾರಬಂದರದ ಮೇಲೆ ಸುರಿದಳು. ತೆಂಗಿನ ಮರಗಳು ಮುರಿದವು. ಈಜುಕೊಳದಲ್ಲಿ ಬಂಗಡೆ ಬಿತ್ತು. ಯೋಗದ ಹುಲ್ಲಿನ ಮೇಲೆ ಮೀನಿನ ರಾಶಿಯಾಯಿತು. ನಾಯಿ ಹಿಡಿದ ಗೊಂಬೆ ಅಧ್ಯಕ್ಷರ ಬೂಟಿನ ಬಳಿ ಉರುಳಿತು.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅವಧೂತ ಓಡಿ ಬಂದು ಅವಳ ಜುಟ್ಟಿಗೆ ಕೈ ಹಾಕಿದ. ಧರ್ಮಣ್ಣ ನಡುವೆ ಬಂದ. ಬ್ಯಾಡ್ಮಿಂಟನ್ ಬಲೆ ಅವಧೂತನ ಕಾಲಿಗೆ ಸಿಕ್ಕಿ ಅವನು ಮಕಾಡೆ ಬಿದ್ದ. ಚಂದಮ್ಮ ಹೋಗಿ ಗಾಜಿನ ಬಾಗಿಲು ಎಳೆದಳು. ಕೊರಳ ಪಟ್ಟಿ ತೆಗೆದು ಹೊರಗಿದ್ದ ಕುಳ್ಳ ಹೆಂಗಸಿನ ಕೈಗೆ ಇಟ್ಟಳು.

“ಇದು ನಿನ್ನದು, ಬಾಯಿ,” ಎಂದಳು.

ರಂಗೂಬಾಯಿ ಪಟ್ಟಿಯನ್ನು ನೋಡಿದಳು, ಚಂದಮ್ಮನನ್ನು ನೋಡಿದಳು. ಒಳಗೆ ನಡೆದಳು. ಅವಳ ಹಿಂದೆ ಹಾಲಿಗೆ ಒಣಮೀನಿನ ವಾಸನೆ ಬಂತು. ಅವತ್ತು ಅಲ್ಲಿಗೆ ಬಂದ ಮೊದಲ ನಿಜವಾದ ವಾಸನೆ. ಅವಳು ಮೇಜಿನ ಮೇಲೆ ಬಗ್ಗಿ, ಮೀನುಗಳನ್ನು ಸರಿಸಿ, ದಂಡೆಯ ಉದ್ದಕ್ಕೂ ಬೆರಳಾಡಿಸಿದಳು.

“ಇಲ್ಲಿ ದೇವಿಯ ಗುಡಿ. ಇಲ್ಲಿ ಬಾವಿ. ಇದು ನನ್ನ ಮನೆ ಇರೋ ಜಾಗ. ಇದೇನು ಕಟ್ಟಿದ್ದೀರಿ?”

ರಕ್ಷಿತ ಬೆರಳು ಹೋದ ಕಡೆ ನೋಡಿದಳು.

“ಅದು... ವಿಸಿಟರ್ಸ್ ಟಾಯ್ಲೆಟ್.”

“ನನ್ನ ದೇವರ ಕೋಣೆ ಇರೋ ಜಾಗದಲ್ಲಾ?”

“ಜೆಂಟ್ಸ್,” ಎಂದಳು ರಕ್ಷಿತ. ಅವಳಿಗೆ ಸುಳ್ಳು ಹೇಳಲು ಸಮಯ ಸಿಗಲಿಲ್ಲ.

ಮೋಹನದಾಸ್ ಪೊಲೀಸರಿಗೆ ಫೋನು ಮಾಡಿದರು. ಅವರು ಬಂದು ಚಂದಮ್ಮನ ಜೊತೆಗೆ ಧರ್ಮಣ್ಣನನ್ನೂ ರಂಗೂಬಾಯಿಯನ್ನೂ ಠಾಣೆಗೆ ಕರೆದೊಯ್ದರು.

ಠಾಣೆಯಲ್ಲಿ ಕಂಪನಿಯ ದೂರು ಚುರುಕಾಗಿ ತಯಾರಾಯಿತು. ಚಂದಮ್ಮ ಎಂಬ ಹೆಂಗಸು ವೇಷ ಮರೆಸಿಕೊಂಡು, ಮೀನುಗಾರ ನಾಯಕಿಯ ಹೆಸರಿನಲ್ಲಿ ಸಭೆಗೆ ನುಗ್ಗಿ, ಕಂಪನಿಗೂ ಮಂಡಳಿಗೂ ಮೋಸ ಮಾಡಿದ್ದಾಳೆ. ಬೆಲೆಬಾಳುವ ಮಾದರಿಯನ್ನು ಹಾಳು ಮಾಡಿದ್ದಾಳೆ. ಫೌಜದಾರ ಅದನ್ನು ಗಟ್ಟಿಯಾಗಿ ಓದಿದ. ಚಂದಮ್ಮ ಇನ್ನೂ ಆ ಬಾಡಿಗೆ ಸೀರೆಯಲ್ಲೇ ನೆಲದ ಮೇಲೆ ಕೂತಿದ್ದಳು. ಕಚ್ಚೆ ಅರ್ಧ ಬಿಚ್ಚಿತ್ತು.

ಅವಧೂತ ಧರ್ಮಣ್ಣನನ್ನು ಬಾಗಿಲ ಬಳಿ ಕರೆದು ಮೆತ್ತಗೆ ಹೇಳಿದ. “ಹೆಂಡತಿ ಕೈಲಿ ಮಾಫಿ ಕೇಳಿಸು. ತಲೆ ಸರಿ ಇಲ್ಲ ಅಂತ ಬರೆದುಕೊಡು. ನಾಳೆಯಿಂದ ಕೆಲಸಕ್ಕೆ ಬಾ. ಇಲ್ಲದಿದ್ದರೆ ಹಿಂಜವಾಡಿಯ ಯಾವ ಸೈಟಿನಲ್ಲೂ ನಿಮಗೆ ಕೆಲಸ ಇಲ್ಲ.”

ಧರ್ಮಣ್ಣ ಟೆಂಪೋದಲ್ಲಿ ಮಾಡಿದಂತೆ ತಮಾಷೆ ಮಾಡಲಿಲ್ಲ. ಅವನಿಗೆ ಹೆದರಿಕೆಯಾಗಿತ್ತು. ಆದರೂ ಅಂದ, “ಅಕಿ ತನ್ನ ಖರೇ ಹೆಸರ ಹೇಳ್ಯಾಳ್ರಿ. ಅದಕ್ಕ ಮಾಫಿ ಹ್ಯಾಂಗ ಕೇಳೂದು?” ಕನ್ನಡದಲ್ಲೇ ಅಂದ. ಅವಧೂತನಿಗೆ ಮಾತು ತಿಳಿಯಲಿಲ್ಲ, ಅರ್ಥ ತಿಳಿಯಿತು. ಅವನು ಮೋಟಾರ್‌ಸೈಕಲ್ಲು ಹತ್ತಿ ಹೊರಟುಹೋದ.

ಫೌಜದಾರ ದೂರನ್ನು ರಂಗೂಬಾಯಿಯ ಮುಂದೆ ಸರಿಸಿದ. “ಮೋಸ ಆಗಿರೋದು ನಿಮಗೆ. ನಿಮ್ಮ ಹೆಸರು ಕದ್ದಿದ್ದಾಳೆ. ನೀವು ಸಹಿ ಹಾಕಿದರೆ ಕೇಸು ಗಟ್ಟಿಯಾಗುತ್ತದೆ.”

ರಂಗೂಬಾಯಿ ಬೆಂಚಿನ ಮೇಲೆ ಕಾಲು ಮಡಚಿ ಕೂತು ತಂಬಾಕು ತಿಕ್ಕುತ್ತಿದ್ದಳು.

“ಅಷ್ಟು ದೊಡ್ಡ ಹಾಲು,” ಎಂದಳು. “ನಾನು ಗಂಟಲು ಹರಕೊಂಡೆ. ನಾನು ರಂಗೂಬಾಯಿ ಅಂತ ಒಪ್ಪಿದವಳು ಇವಳೊಬ್ಬಳೇ. ಇವಳ ಮೇಲೆ ಸಹಿ ಹಾಕಲಾ? ಸೀರೆ ಉಡಿಸಿದವರ ಮೇಲೆ ಬರಿ. ಹಾಕುತ್ತೇನೆ.”

ಫೌಜದಾರ ಹಾಗೆ ಬರೆಯಲಿಲ್ಲ. ಎದ್ದು ಹೋಗಿ ಯಾರಿಗೋ ಫೋನು ಮಾಡಿದ. ಬಹಳ ಹೊತ್ತು ಹೌದು ಸಾಹೇಬರೇ ಎಂದ. ಅಧ್ಯಕ್ಷರಿಗೆ ಈ ಸುದ್ದಿ ಹೊರಗೆ ಹೋಗುವುದು ಬೇಡವಾಗಿತ್ತು. ಕಂಪನಿಗೂ ಬೇಡವಾಗಿತ್ತು. ಸಭೆ ಮುಂದಕ್ಕೆ ಹೋಗಿದೆ ಅಂತ ಹೇಳಿದರೆ ಸಾಕು. ಫೌಜದಾರ ಬಂದು ಕೂತು, ಎಚ್ಚರಿಕೆ ಕೊಟ್ಟು ಬಿಡುತ್ತೇನೆ ಎಂದ. ಚಂದಮ್ಮನ ಕಡೆ ತಿರುಗಿದ.

“ಹೆಸರು?”

“ಚಂದಮ್ಮ.”

“ವಿಳಾಸ?”

ಈಗ ಚಂದಮ್ಮ, ಧರ್ಮಣ್ಣ ಮಲಗುವುದು ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ, ಸಿಮೆಂಟು ಚೀಲಗಳ ಪಕ್ಕ. ಇವತ್ತಿನಿಂದ ಅದೂ ಇಲ್ಲ.

“ಇತ್ತು ಸಾಹೇಬರೇ,” ಎಂದಳು. “ನಾಲಾ ದಂಡೆಯ ವಸ್ತಿ. ಈಗ ಅಲ್ಲಿ ಜನ ಬೆಳಿಗ್ಗೆ ವಾಕಿಂಗ್ ಮಾಡುತ್ತಾರೆ.”

“ವಿಳಾಸ ಇಲ್ಲದೆ ಬಿಡೋಕೆ ಬರೋದಿಲ್ಲ.”

“ನನ್ನದು ಬರೆದುಕೋ,” ಎಂದಳು ರಂಗೂಬಾಯಿ. ತಂಬಾಕನ್ನು ದವಡೆಗೆ ಇಟ್ಟುಕೊಂಡು ಎದ್ದು ಬಂದು ಮೇಜಿನ ಮುಂದೆ ನಿಂತಳು. “ರಂಗೂಬಾಯಿಯ ಮನೆ, ದೇವಿ ಗುಡಿಯ ಪಕ್ಕ, ಖಾರಬಂದರ.”

ಫೌಜದಾರ ಪೆನ್ನು ಹಿಡಿದವನು ನಕ್ಕ. “ಆ ಮನೆ ಇನ್ನೆಷ್ಟು ದಿನ ಇರುತ್ತೆ ಬಾಯಿ?”

“ಇವತ್ತು ಇದೆ,” ಎಂದಳು ರಂಗೂಬಾಯಿ. “ಬರಿ.”